ವಿಳಾಸ ಹೇಳುವ ವಿದ್ಯೆ: ಎಕ್ಸ್‌ಪಾತ್ ಬೆಳೆದು ಬಂದ ಬಗೆ

ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದಾಗ ಮಾತು ಹೇಗೆ ಸಾಗುತ್ತದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. “ಯಾವ ಕಡೆಯವರು?” ಎಂದು ಆರಂಭವಾಗಿ ಜಿಲ್ಲೆ, ತಾಲ್ಲೂಕು, ಊರು, ಓಣಿ, ಮನೆತನ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತ, ಕೊನೆಗೆ “ಹಾಗಾದರೆ ಕೆರೆ ಓಣಿಯ ಮಾಸ್ತರರ ಎರಡನೆಯ ಮಗಳ ಮೈದುನ ನೀವೇ ಅಲ್ಲವೇ?” ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ. ಮನೆಯ ನಂಬರು ಯಾರಿಗೂ ನೆನಪಿರುವುದಿಲ್ಲ, ಆದರೆ ಮನುಷ್ಯ ಮಾತ್ರ ತಪ್ಪದೆ ಸಿಗುತ್ತಾನೆ.

ಗಣಕಯಂತ್ರದ ಕಡತಗಳೊಳಗೆ ಬೇಕಾದ ಸಂಗತಿಯನ್ನು ಇದೇ ರೀತಿಯಲ್ಲಿ ಹುಡುಕುವ ಒಂದು ವಿದ್ಯೆಯಿದೆ. ಅದರ ಹೆಸರು ಎಕ್ಸ್‌ಪಾತ್, ಎಂದರೆ ‘ಎಕ್ಸ್‌ಎಮ್‌ಎಲ್’ ಎಂಬ ಬರವಣಿಗೆಯ ಕ್ರಮದೊಳಗೆ ದಾರಿ ಹೇಳುವ ಸೂತ್ರಗಳ ಭಾಷೆ. ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ದಿನವೂ ಕಛೇರಿಗಳಲ್ಲಿ ಇದನ್ನು ಬಳಸುತ್ತಾರೆ. ಹಿರಿಯರಾದ ನಮಗೆ ಇದರ ಗೊಡವೆ ಏಕೆಂದು ಕೇಳಬಹುದು. ಕಾರಣವನ್ನು ಹೇಳಿಯೇ ಮುಂದುವರಿಯುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಸದಸ್ಯರ ಹಳೆಯ ಪುಸ್ತಕವನ್ನು ತರುಣರು ಶ್ರಮವಹಿಸಿ ಗಣಕಕ್ಕೆ ಏರಿಸಿದರು. ಅದರಿಂದ ಸ್ಮರಣ ಸಂಚಿಕೆಗಾಗಿ ಜಿಲ್ಲಾವಾರು ಯಾದಿ ತೆಗೆದೆವು. ಸಂಚಿಕೆ ಅಚ್ಚಾಗಿ ಬಂದ ದಿನ ಹಿರಿಯ ಸದಸ್ಯರೊಬ್ಬರ ಮನೆಯವರು ಕಛೇರಿಗೆ ಬಂದು ಪುಟಗಳನ್ನು ಎರಡೆರಡು ಸಲ ತಿರುವಿ ಹಾಕಿ, “ನಮ್ಮ ಯಜಮಾನರ ಹೆಸರು ಇಲ್ಲವಲ್ಲ. ಸಂಘ ಅವರನ್ನು ಮರೆತುಬಿಟ್ಟಿತೇ?” ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಮೂಲ ಪುಸ್ತಕದಲ್ಲಿ ಹೆಸರಿತ್ತು, ಗಣಕದ ಕಡತದಲ್ಲಿಯೂ ಇತ್ತು. ಯಾದಿಯಲ್ಲಿ ಮಾತ್ರ ಇರಲಿಲ್ಲ. ಹುಡುಕಿದಾಗ ಇನ್ನೂ ಕೆಲವು ಕುಟುಂಬಗಳು ಹೀಗೆಯೇ ಬಿಟ್ಟುಹೋಗಿದ್ದವು. ಅವೆಲ್ಲವೂ ದೂರವಾಣಿ ಇಲ್ಲದ ಮನೆಗಳು! ಈ ಒಗಟು ಬಿಡಿಸಬೇಕಾದರೆ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ಅಚ್ಚುಮನೆಯಿಂದ ವಕೀಲರ ಕಛೇರಿಗೆ

ಮೊಳೆ ಜೋಡಿಸುತ್ತಿದ್ದ ಕಾಲದ ಅಚ್ಚುಮನೆಯನ್ನು ಕಂಡವರಿಗೆ ಗೊತ್ತು: ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ “ಇದು ದಪ್ಪಕ್ಷರ”, “ಇದು ನಡುವಿಗೆ” ಎಂದು ಗುರುತು ಹಾಕಿ ಕಳಿಸುತ್ತಿದ್ದರು. ಗಣಕಗಳು ಅಚ್ಚಿನ ಕೆಲಸಕ್ಕೆ ಬಂದ ಹೊಸದರಲ್ಲಿ ಇವೇ ಗುರುತುಗಳು ಕಡತದೊಳಗೆ ಸೇರಿಕೊಂಡವು. ತೊಂದರೆಯೆಂದರೆ, ದಪ್ಪಕ್ಷರದಲ್ಲಿರುವುದು ಲೇಖನದ ಶೀರ್ಷಿಕೆಯೋ, ಲೇಖಕರ ಹೆಸರೋ, ಬರೀ ಒತ್ತಿ ಹೇಳಿದ ಮಾತೋ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಅಕ್ಷರದ ರೂಪ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ.

1967ರಲ್ಲಿ ವಿಲಿಯಂ ಟನ್ನಿಕ್ಲಿಫ್ ಎಂಬವರು ಕೆನಡಾ ಸರ್ಕಾರದ ಮುದ್ರಣಾಲಯದಲ್ಲಿ ನಡೆದ ಸಭೆಯೊಂದರಲ್ಲಿ, ಬರಹದ ಹುರುಳನ್ನೂ ಅದರ ಹೊರರೂಪವನ್ನೂ ಬೇರೆಬೇರೆಯಾಗಿ ಇಡಬೇಕೆಂದು ವಾದಿಸಿದರು. ಅದನ್ನು ಕಾರ್ಯರೂಪಕ್ಕೆ ತಂದವರಲ್ಲಿ ಮುಖ್ಯರು ಚಾರ್ಲ್ಸ್ ಗೋಲ್ಡ್‌ಫಾರ್ಬ್. ಇವರು ಓದಿದ್ದು ಕಾನೂನು. ವಕೀಲರಾಗಿದ್ದವರು ಐಬಿಎಮ್ ಸಂಸ್ಥೆಯನ್ನು ಸೇರಿ, 1969ರಲ್ಲಿ ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಎಂಬ ಇಬ್ಬರೊಡನೆ ವಕೀಲರ ಕಛೇರಿಗಳ ಕಾಗದಪತ್ರಗಳನ್ನು ಗಣಕದಲ್ಲಿ ನಿರ್ವಹಿಸುವ ಕ್ರಮವೊಂದನ್ನು ರಚಿಸುತ್ತಿದ್ದರು. ಒಂದೇ ದಾಖಲೆಯನ್ನು ತಿದ್ದಲೂ ಬೇಕು, ಹುಡುಕಲೂ ಬೇಕು, ಅಚ್ಚು ಹಾಕಲೂ ಬೇಕು. ಈ ಮೂರೂ ಕೆಲಸಗಳಿಗೆ ಒಂದೇ ಕಡತ ಸಾಲಬೇಕಾದರೆ ಗುರುತುಗಳು “ಇದು ಹೇಗೆ ಕಾಣಬೇಕು” ಎಂಬುದನ್ನಲ್ಲ, “ಇದು ಏನು” ಎಂಬುದನ್ನು ಹೇಳಬೇಕು. ಹೀಗೆ ಹುಟ್ಟಿದ ಪದ್ಧತಿಗೆ ಜಿಎಮ್‌ಎಲ್ ಎಂದು ಹೆಸರಾಯಿತು. ಆ ಮೂರು ಅಕ್ಷರಗಳು ಮೂವರ ಹೆಸರಿನ ಮೊದಲಕ್ಷರಗಳೂ ಹೌದು. ಇದೇ ಬೆಳೆದು 1986ರಲ್ಲಿ ಎಸ್‌ಜಿಎಮ್‌ಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಈ ಕ್ರಮದಲ್ಲಿ ಬರೆದ ದಾಖಲೆ ಒಂದು ಮರದಂತೆ. ಪುಸ್ತಕದೊಳಗೆ ಅಧ್ಯಾಯ, ಅಧ್ಯಾಯದೊಳಗೆ ಪರಿಚ್ಛೇದ, ಅದರೊಳಗೆ ವಾಕ್ಯ. ಪ್ರತಿಯೊಂದಕ್ಕೂ ಆದಿಯಲ್ಲಿ ಒಂದು, ಅಂತ್ಯದಲ್ಲಿ ಒಂದು ಗುರುತುಚೀಟಿ. ಇದಕ್ಕೇ ‘ಟ್ಯಾಗ್’ ಎನ್ನುವುದು.

ಓರೆಗೆರೆಯ ಕಥೆ

ಮರವಿದ್ದ ಮೇಲೆ ಕೊಂಬೆಯಿಂದ ಕೊಂಬೆಗೆ ಹೋಗುವ ದಾರಿ ಹೇಳಬೇಕಷ್ಟೆ. ಆ ದಾರಿ ಹೇಳುವ ಬಗೆ ಬಂದದ್ದು ಇನ್ನೊಂದು ದಿಕ್ಕಿನಿಂದ.

1960ರ ದಶಕದಲ್ಲಿ ಅಮೆರಿಕದ ಎಮ್‌ಐಟಿ, ಬೆಲ್ ಪ್ರಯೋಗಾಲಯ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ‘ಮಲ್ಟಿಕ್ಸ್’ ಎಂಬ ದೊಡ್ಡ ಗಣಕವ್ಯವಸ್ಥೆಯನ್ನು ಕಟ್ಟತೊಡಗಿದವು. ಅನೇಕರು ಒಂದೇ ಯಂತ್ರವನ್ನು ಬಳಸುವಾಗ ಕಡತಗಳನ್ನೆಲ್ಲ ಒಂದೇ ರಾಶಿಯಲ್ಲಿ ಹಾಕುವುದು ಅಸಾಧ್ಯವಷ್ಟೆ. ಆದ್ದರಿಂದ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡುವ ಏರ್ಪಾಡನ್ನು ಡೇಲಿ ಮತ್ತು ನ್ಯೂಮನ್ ಎಂಬವರು 1965ರ ಪ್ರಬಂಧವೊಂದರಲ್ಲಿ ವಿವರಿಸಿದರು. ಮಲ್ಟಿಕ್ಸ್‌ನಲ್ಲಿ ಒಂದು ಪೆಟ್ಟಿಗೆಯಿಂದ ಮುಂದಿನದಕ್ಕೆ ಹೋಗುವುದನ್ನು ‘>’ ಚಿಹ್ನೆಯಿಂದ ಬರೆಯುತ್ತಿದ್ದರು. 1969ರಲ್ಲಿ ಬೆಲ್ ಪ್ರಯೋಗಾಲಯ ಆ ಯೋಜನೆಯಿಂದ ಹೊರಬಂದಿತು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಚಿಕ್ಕ ಯಂತ್ರವೊಂದರ ಮೇಲೆ ‘ಯುನಿಕ್ಸ್’ ಕಟ್ಟಿದರು. ಅದರಲ್ಲಿ ‘>’ ಹೋಗಿ ‘/’ ಎಂಬ ಓರೆಗೆರೆ ಬಂತು. ಒಂದು ಚುಕ್ಕೆಯೆಂದರೆ “ನಾನಿರುವ ಜಾಗ”, ಎರಡು ಚುಕ್ಕೆಯೆಂದರೆ “ಒಂದು ಮೆಟ್ಟಿಲು ಮೇಲೆ” ಎಂಬ ರೂಢಿಯೂ ನೆಲೆಯೂರಿತು. ಮುಂದೆ ಜಾಲತಾಣಗಳ ವಿಳಾಸಗಳಿಗೂ ಈ ಓರೆಗೆರೆಯೇ ಬಂತು.

ಜಿಎಮ್‌ಎಲ್ ಮತ್ತು ಯುನಿಕ್ಸ್ ಎರಡೂ 1969ರ ಕೂಸುಗಳು. ಒಂದು ದಾಖಲೆಯನ್ನು ಮರವಾಗಿಸಿತು, ಇನ್ನೊಂದು ಮರದಲ್ಲಿ ದಾರಿ ಹೇಳುವುದನ್ನು ರೂಢಿಸಿತು. ಇವೆರಡೂ ಒಂದುಗೂಡಲು ಮುಂದೆ ಮೂವತ್ತು ವರ್ಷಗಳೇ ಹಿಡಿದವು.

ನಿಘಂಟು ಕಲಿಸಿದ ಪಾಠ

ಈ ನಡುವಿನ ಕಾಲದಲ್ಲಿ ನಡೆದ ಒಂದು ದೊಡ್ಡ ಕೆಲಸವೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಗಣಕಕ್ಕೆ ಏರಿಸಿದ್ದು. 1984ರಲ್ಲಿ ಆರಂಭವಾದ ಈ ಯೋಜನೆಗಾಗಿ ಅಮೆರಿಕದಲ್ಲಿ 120ಕ್ಕೂ ಹೆಚ್ಚು ಮಂದಿ ಬೆರಳಚ್ಚುಗಾರರು ಇಡೀ ನಿಘಂಟನ್ನು ಟೈಪು ಮಾಡಿದರು. ಬರೀ ಅಕ್ಷರಗಳನ್ನಲ್ಲ, “ಇದು ಮೂಲಪದ”, “ಇದು ಉಚ್ಚಾರಣೆ”, “ಇದು ಅರ್ಥ”, “ಇದು ಪ್ರಯೋಗ” ಎಂಬ ಗುರುತುಗಳನ್ನೂ ಸೇರಿಸಲಾಯಿತು. 1989ರಲ್ಲಿ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿರುವ ಪ್ರಯೋಗವಾಕ್ಯಗಳೇ ಸುಮಾರು 24 ಲಕ್ಷ.

ಇಂಥ ಸಾಗರದಲ್ಲಿ ಷೇಕ್ಸ್‌ಪಿಯರನ ಹೆಸರು ಹುಡುಕಿದರೆ ಅದು ಎಲ್ಲೆಲ್ಲಿಯೂ ಸಿಕ್ಕೀತು. ವಿದ್ವಾಂಸರಿಗೆ ಬೇಕಾದದ್ದು, ಪ್ರಯೋಗದೊಳಗೆ ಗ್ರಂಥಕರ್ತನ ಸ್ಥಾನದಲ್ಲಿ ಇರುವ ಷೇಕ್ಸ್‌ಪಿಯರ್ ಮಾತ್ರ. ಎಂದರೆ ಪದವನ್ನಲ್ಲ, ಅದು ಯಾರ ಮನೆಯಲ್ಲಿದೆ ಎಂಬುದನ್ನು ಕೇಳಬೇಕು. ಇದಕ್ಕಾಗಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಹುಡುಕುವ ತಂತ್ರಗಳು ತಯಾರಾದವು. ಆ ಯೋಜನೆಯ ವ್ಯವಸ್ಥಾಪಕರಾಗಿದ್ದ ಟಿಮ್ ಬ್ರೇ ಹೆಸರನ್ನು ವಾಚಕರು ನೆನಪಿಡಬೇಕು, ಅವರು ಮುಂದೆ ಮತ್ತೆ ಬರುತ್ತಾರೆ.

ಅದೇ ಕಾಲದಲ್ಲಿ, 1987ರ ನವೆಂಬರಿನಲ್ಲಿ, ಸಾಹಿತ್ಯಗ್ರಂಥಗಳನ್ನು ಗಣಕಕ್ಕೆ ಏರಿಸುತ್ತಿದ್ದ ವಿದ್ವಾಂಸರು ಅಮೆರಿಕದ ಪಕಿಪ್ಸಿ ಎಂಬ ಊರಿನಲ್ಲಿ ಸೇರಿ, ಎಲ್ಲರಿಗೂ ಒಂದೇ ಪದ್ಧತಿ ಇರಲೆಂದು ‘ಟಿಇಐ’ ಎಂಬ ಯತ್ನವನ್ನು ಆರಂಭಿಸಿದರು. 1994ರಲ್ಲಿ ಅವರು ಹೊರತಂದ ಕೈಪಿಡಿಯಲ್ಲಿ ದಾಖಲೆಯ ಯಾವುದೇ ಭಾಗವನ್ನು ಬೆರಳಿಟ್ಟು ತೋರಿಸುವ ಸೂತ್ರಗಳಿದ್ದವು. ಅವರು ಬಳಸಿದ ಮಾತುಗಳು ನಮಗೆ ತೀರ ಹತ್ತಿರದವು: ಮಗು, ವಂಶಜ, ಪೂರ್ವಜ, ಹಿಂದಿನವನು, ಮುಂದಿನವನು. ಮರದ ಹೋಲಿಕೆ ಸಾಕಾಗದೆ ಅವರು ವಂಶವೃಕ್ಷಕ್ಕೆ ಬಂದಿದ್ದರು.

1998 ಮತ್ತು 1999

ಎಸ್‌ಜಿಎಮ್‌ಎಲ್ ಬಲು ಜಟಿಲವಾಗಿತ್ತು. ಅದನ್ನು ಅಂತರಜಾಲಕ್ಕೆ ಹೊಂದುವಂತೆ ಸರಳಗೊಳಿಸಲು ಸನ್ ಸಂಸ್ಥೆಯ ಜಾನ್ ಬೊಸಾಕ್ ಅವರ ಮುಂದಾಳುತನದಲ್ಲಿ ಒಂದು ಮಂಡಳಿ ಕೆಲಸಮಾಡಿತು. ಅದರ ಫಲವೇ 1998ರ ಫೆಬ್ರವರಿ 10ರಂದು ಪ್ರಕಟವಾದ ಎಕ್ಸ್‌ಎಮ್‌ಎಲ್. ಸಂಪಾದಕರು ಮೂವರು: ನಿಘಂಟಿನ ಟಿಮ್ ಬ್ರೇ, ಟಿಇಐ ಕೈಪಿಡಿಯ ಸಂಪಾದಕರಲ್ಲೊಬ್ಬರಾದ ಸ್ಪೆರ್ಬರ್ಗ್-ಮೆಕ್ವೀನ್, ಮತ್ತು ಜಾನ್ ಪಾವೊಲಿ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ಎಕ್ಸ್‌ಎಮ್‌ಎಲ್ ಯುನಿಕೋಡ್ ಎಂಬ ವಿಶ್ವಲಿಪಿ ಪಟ್ಟಿಯ ಮೇಲೆ ನಿಂತಿದೆ. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದ್ದರಿಂದ ಎಕ್ಸ್‌ಎಮ್‌ಎಲ್ ಹುಟ್ಟಿದ ದಿನದಿಂದಲೇ ಒಳಗಿನ ಬರಹ ಮಾತ್ರವಲ್ಲ, ಗುರುತುಚೀಟಿಗಳೂ ಕನ್ನಡದಲ್ಲಿಯೇ ಇರಬಹುದೆಂಬುದು ನಿಯಮ. ನಮ್ಮ ಸದಸ್ಯರ ಕಡತ ಹೀಗಿತ್ತು:

<ಸಂಘ>
  <ಕುಟುಂಬ ಸಂಖ್ಯೆ="27">
    <ಹೆಸರು> … </ಹೆಸರು>
    <ದೂರವಾಣಿ> … </ದೂರವಾಣಿ>
    <ಜಿಲ್ಲೆ>ಧಾರವಾಡ</ಜಿಲ್ಲೆ>
    <ವೃತ್ತಿ>ಶಿಕ್ಷಕರು</ವೃತ್ತಿ>
  </ಕುಟುಂಬ>
</ಸಂಘ>

ಇಂಥ ಕಡತದೊಳಗೆ ಓಡಾಡಲು ಮೊದಮೊದಲು ಸುಲಭದ ಹಾದಿಯಿರಲಿಲ್ಲ. 1998ರ ಅಕ್ಟೋಬರಿನಲ್ಲಿ ಬಂದ ‘ಡಾಮ್’ ಪದ್ಧತಿಯಲ್ಲಿ “ಮೊದಲ ಮಗುವಿಗೆ ಹೋಗು, ಇದಲ್ಲದಿದ್ದರೆ ಮುಂದಿನ ಒಡಹುಟ್ಟಿಗೆ ಹೋಗು” ಎಂದು ಹೆಜ್ಜೆಹೆಜ್ಜೆಗೂ ಆಜ್ಞೆ ಕೊಡಬೇಕಿತ್ತು. ಹೊಸ ಊರಿಗೆ ಬಂದ ನೆಂಟರನ್ನು ಕೈಹಿಡಿದು ನಡೆಸಿದಂತೆ ಅದು. ದಾರಿಯನ್ನು ಒಂದೇ ಸಾಲಿನಲ್ಲಿ ಹೇಳಿಬಿಡುವ ಯತ್ನಗಳು ಅಲ್ಲಲ್ಲಿ ನಡೆದಿದ್ದವು. ದಾಖಲೆಗೆ ರೂಪ ಕೊಡುವ ಮಂಡಳಿಯವರದು ಒಂದು ಸೂತ್ರ, ದಾಖಲೆಯ ಭಾಗಕ್ಕೆ ಕೊಂಡಿ ಹಾಕುವವರದು ಇನ್ನೊಂದು. ಒಂದೇ ಊರಿಗೆ ಎರಡು ದಾರಿ ಬೇಡವೆಂದು ಎರಡನ್ನೂ ಕೂಡಿಸಿ 1999ರ ನವೆಂಬರ್ 16ರಂದು ಹೊರತಂದದ್ದೇ ಎಕ್ಸ್‌ಪಾತ್. ಸಂಪಾದಕರು ಜೇಮ್ಸ್ ಕ್ಲಾರ್ಕ್ ಮತ್ತು ಸ್ಟೀವ್ ಡಿರೋಸ್. ಇವರಲ್ಲಿ ಕ್ಲಾರ್ಕ್ ಇಂಗ್ಲೆಂಡಿನವರು, ಬಹುಕಾಲದಿಂದ ಥಾಯ್ಲೆಂಡಿನಲ್ಲಿ ನೆಲೆಸಿದವರು. ಹೊರನಾಡಿನಲ್ಲಿ ಬಾಳುತ್ತಿರುವವರೊಬ್ಬರು ವಿಳಾಸ ಹೇಳುವ ವಿದ್ಯೆಯನ್ನು ರೂಪಿಸಿದ್ದು ನಮಗೇನೂ ಆಶ್ಚರ್ಯವಲ್ಲ!

ಮೇಲಿನ ಕಡತದಲ್ಲಿ ಎಲ್ಲ ಹೆಸರುಗಳು ಬೇಕಾದರೆ

/ಸಂಘ/ಕುಟುಂಬ/ಹೆಸರು

ಎಂದರೆ ಸಾಕು. ಎಷ್ಟು ಆಳದಲ್ಲಿದ್ದರೂ ಹುಡುಕೆನ್ನಲು ಎರಡು ಓರೆಗೆರೆ. ಷರತ್ತು ಹಾಕಬೇಕಾದರೆ ಚೌಕ ಕಂಸ. ಧಾರವಾಡ ಜಿಲ್ಲೆಯವರ ಹೆಸರುಗಳಷ್ಟೇ ಬೇಕಾದರೆ ಹೀಗೆ:

//ಕುಟುಂಬ[ಜಿಲ್ಲೆ='ಧಾರವಾಡ']/ಹೆಸರು

ದೊಡ್ಡಪ್ಪ, ಚಿಕ್ಕಪ್ಪ

ಎಕ್ಸ್‌ಪಾತ್ ಒಟ್ಟು 13 ದಿಕ್ಕುಗಳನ್ನು ಹೇಳುತ್ತದೆ. ಅವುಗಳಲ್ಲಿ ಬಹುಪಾಲು ನೆಂಟಸ್ತಿಕೆಯ ಮಾತುಗಳೇ: ಮಗು, ಹೆತ್ತವರು, ಪೂರ್ವಜರು, ವಂಶಜರು. ಒಡಹುಟ್ಟಿದವರಲ್ಲಿ ಎರಡು ಬಗೆ, ತನಗಿಂತ ಮೊದಲು ಬರುವವರು ಮತ್ತು ಅನಂತರ ಬರುವವರು. ಇಂಗ್ಲಿಷಿನಲ್ಲಿ ಇದಕ್ಕೆ ಎರಡೆರಡು ಪದ ಜೋಡಿಸಬೇಕಾಯಿತು. ಕನ್ನಡದ ಮಗುವಿಗೆ ಇದು ಮಾತು ಕಲಿಯುವಾಗಲೇ ಬರುತ್ತದೆ. ಮೊದಲಿನವರು ಅಣ್ಣ, ಅಕ್ಕ. ಅನಂತರದವರು ತಮ್ಮ, ತಂಗಿ. ಹೆತ್ತವರಿಗೆ ಏರಿ ಅವರಿಗಿಂತ ಮೊದಲಿನವರನ್ನು ಕೇಳಿದರೆ ಅದು ದೊಡ್ಡಪ್ಪ, ಅನಂತರದವರನ್ನು ಕೇಳಿದರೆ ಚಿಕ್ಕಪ್ಪ. ಎಕ್ಸ್‌ಪಾತ್ ಕಲಿಯಲು ಒದ್ದಾಡುತ್ತಿದ್ದ ಹುಡುಗನೊಬ್ಬನಿಗೆ ನಾವು ಇದನ್ನು ಹೇಳಿದಾಗ ಅವನು ನಕ್ಕು, “ಇಷ್ಟೇನಾ ಅಂಕಲ್, ಅಜ್ಜಿ ಮನೆಯಲ್ಲಿ ಎಲ್ಲ ಕಲಿತಾಗಿದೆ” ಎಂದ.

ಇನ್ನು ‘ಸಂಖ್ಯೆ’ ಎಂಬುದು ಕುಟುಂಬದ ಮಗುವಲ್ಲ, ಅದು ಕಿವಿಯ ಓಲೆಯಂತೆ ಮೈಮೇಲಿನ ಗುರುತು. ಅದನ್ನು ಕೇಳುವಾಗ ‘@’ ಚಿಹ್ನೆ ಬೇಕು: //ಕುಟುಂಬ[@ಸಂಖ್ಯೆ='27'].

ಹೆಬ್ಬಾವಲ್ಲದ ಪೈಥಾನ್

ಸೂತ್ರವನ್ನು ಬರೆದರಾಯಿತೇ? ಅದನ್ನು ಓದಿ ನಡೆಸುವವರು ಬೇಕು. ಚಿಕ್ಕ ಚಿಕ್ಕ ಕೆಲಸಗಳನ್ನು ನಾಲ್ಕಾರು ಸಾಲುಗಳಲ್ಲಿ ಮುಗಿಸಲು ಬಳಸುವ ಭಾಷೆಗಳಿಗೆ ಸ್ಕ್ರಿಪ್ಟಿಂಗ್ ಭಾಷೆಗಳೆನ್ನುತ್ತಾರೆ. 1987ರಲ್ಲಿ ಲ್ಯಾರಿ ವಾಲ್ ರಚಿಸಿದ ಪರ್ಲ್ ಇಂಥದು. ಹಾಲೆಂಡಿನ ಗೈಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಇನ್ನೊಂದು. ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ಬ್ರಿಟಿಷ್ ದೂರದರ್ಶನದ ಹಾಸ್ಯತಂಡವೊಂದರಿಂದ.

ಪೈಥಾನಿನಲ್ಲಿ ಎಕ್ಸ್‌ಎಮ್‌ಎಲ್ ಕಡತಗಳನ್ನು ಸರಳವಾಗಿ ನಿಭಾಯಿಸಲು ಫ್ರೆಡ್ರಿಕ್ ಲುಂಡ್ ಎಂಬವರು ‘ಎಲಿಮೆಂಟ್‌ಟ್ರೀ’ ರಚಿಸಿದರು. 2006ರಲ್ಲಿ ಅದು ಪೈಥಾನಿನ ಅಂಗವೇ ಆಯಿತು. ಕೆಲಸ ಮೂರೇ ಹೆಜ್ಜೆಯದು: ಗ್ರಂಥಾಲಯವನ್ನು ಕರೆಯುವುದು, ‘ಪಾರ್ಸ್’ ಎಂದು ಕಡತವನ್ನು ಓದಿಸುವುದು, ‘ಫೈಂಡ್‌ಆಲ್’ ಎಂದು ದಾರಿಸೂತ್ರ ಕೊಟ್ಟು ಕೇಳುವುದು. ಆದರೆ ಅದು ಎಕ್ಸ್‌ಪಾತ್‌ನ ಒಂದು ಭಾಗವನ್ನಷ್ಟೇ ಬಲ್ಲದು. ಅದರಲ್ಲಿ ತಂದೆಗೆ ಮಕ್ಕಳು ಗೊತ್ತು, ಮಗುವಿಗೆ ತಂದೆಯ ವಿಳಾಸ ಗೊತ್ತಿಲ್ಲ. ಅಣ್ಣತಮ್ಮಂದಿರ ದಿಕ್ಕುಗಳೂ ಇಲ್ಲ. ಪೂರ್ಣ ಎಕ್ಸ್‌ಪಾತ್ 1.0 ಬೇಕಾದವರು, ಡೇನಿಯಲ್ ವೇಯಾರ್ ರಚಿಸಿದ ‘ಲಿಬ್‌ಎಕ್ಸ್‌ಎಮ್‌ಎಲ್2’ ಮೇಲೆ ಕಟ್ಟಿದ ‘ಎಲ್‌ಎಕ್ಸ್‌ಎಮ್‌ಎಲ್’ ಬಳಸುತ್ತಾರೆ.

ಈಗ ನಮ್ಮ ಒಗಟಿಗೆ ಬರೋಣ. ಯಾದಿ ತೆಗೆದ ತರುಣರು ಪೈಥಾನಿನಲ್ಲಿ ಬರೆದದ್ದು, “ಪ್ರತಿ ಕುಟುಂಬದ ಮೂರನೆಯ ಮಗುವನ್ನು ನೋಡು, ಅದು ಧಾರವಾಡವಾದರೆ ಹೆಸರನ್ನು ಧಾರವಾಡದ ಯಾದಿಗೆ ಸೇರಿಸು” ಎಂದು. ಮೊದಲ ಮನೆಯಲ್ಲಿ ಮೂರನೆಯದು ಜಿಲ್ಲೆಯೇ ಆಗಿತ್ತು. ಎರಡನೆಯದರಲ್ಲಿಯೂ ಹಾಗೆಯೇ. ಎಲ್ಲವೂ ಸರಿಯೆಂದು ತಿಳಿದರು. ಆದರೆ ದೂರವಾಣಿ ಇಲ್ಲದ ಮನೆಗಳಲ್ಲಿ ಆ ಚೀಟಿಯೇ ಇರಲಿಲ್ಲ. ಅಲ್ಲಿ ಜಿಲ್ಲೆ ಎರಡನೆಯದಾಯಿತು, ಮೂರನೆಯದು ವೃತ್ತಿ. ‘ಶಿಕ್ಷಕರು’ ಎಂಬ ಹೆಸರಿನ ಜಿಲ್ಲೆ ಕರ್ನಾಟಕದಲ್ಲಿಲ್ಲವಾದ್ದರಿಂದ ಆ ಕುಟುಂಬಗಳು ಯಾವ ಯಾದಿಗೂ ಸೇರಲಿಲ್ಲ. ಯಂತ್ರ ತಕರಾರು ಮಾಡಲಿಲ್ಲ. ಕೇಳಿದ್ದು ಸಿಗದಿದ್ದರೆ ಅದು ಸುಮ್ಮನೆ “ಇಲ್ಲ” ಎನ್ನುತ್ತದೆ, “ನೀವು ಕೇಳಿದ್ದೇ ತಪ್ಪು” ಎನ್ನುವುದಿಲ್ಲ.

ತಿದ್ದಿದ್ದು ಬಹಳವೇನೂ ಅಲ್ಲ. ‘ಮೂರನೆಯದು’ ಎಂಬಲ್ಲಿ ‘ಜಿಲ್ಲೆ’ ಎಂದು ಬರೆದದ್ದು, ಅಷ್ಟೆ. ಮೇಲೆ ಕೊಟ್ಟ ಸೂತ್ರವೇ ಅದು. ಬಿಟ್ಟುಹೋದವರೆಲ್ಲರೂ ಬಂದರು.

ಎಣಿಕೆಯಲ್ಲಿ ಇನ್ನೊಂದು ತೊಡಕೂ ಇದೆ. ಎಕ್ಸ್‌ಪಾತ್ ನಮ್ಮಂತೆ ಒಂದರಿಂದ ಎಣಿಸುತ್ತದೆ, ಪೈಥಾನ್ ಸೊನ್ನೆಯಿಂದ. ಒಬ್ಬರ ಮೂರನೆಯದು ಇನ್ನೊಬ್ಬರಿಗೆ ಎರಡು! ಇನ್ನು ಗುರುತುಚೀಟಿಗಳಿಗೆ ಮನೆತನದ ಹೆಸರು ಸೇರಿಸುವ ಕ್ರಮವೊಂದು 1999ರ ಜನವರಿಯಲ್ಲಿ ಬಂತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪುಟಗಳೆಲ್ಲ ಒಟ್ಟಾಗಿ ಎಕ್ಸ್‌ಎಮ್‌ಎಲ್ ಕಡತವಾಗಿ ಯಾರಿಗೂ ಸಿಗುತ್ತವೆ. ಅದರಲ್ಲಿ ‘ಪುಟ’ ಎಂಬ ಅರ್ಥದ ಚೀಟಿಯನ್ನು ಬರೀ ಹೆಸರಿನಿಂದ ಹುಡುಕಿದರೆ ಸಾವಿರಾರು ಪುಟಗಳಿದ್ದರೂ ಒಂದೂ ಸಿಗುವುದಿಲ್ಲ. ಮನೆತನದ ಹೆಸರು ಸೇರಿಸಿ ಕೂಗಿದರೆ ಮಾತ್ರ ಓಗೊಡುತ್ತದೆ. ಹೊಸಬರು ಇಲ್ಲಿಯೇ ಎಡವುತ್ತಾರೆ.

ಮುಂದಿನ ಮಾತು

ಎಕ್ಸ್‌ಪಾತ್ ಅಲ್ಲಿಗೇ ನಿಲ್ಲಲಿಲ್ಲ. 2007ರಲ್ಲಿ ಎರಡನೆಯ, 2014ರಲ್ಲಿ ಮೂರನೆಯ ಆವೃತ್ತಿ ಬಂದು, 2017ರಲ್ಲಿ 3.1ಕ್ಕೆ ಬೆಳೆಯಿತು. ಈ ನಡುವೆ ಜಾಲತಾಣಗಳ ನಡುವಿನ ಕೊಡುಕೊಳ್ಳುವಿಕೆಗೆ ‘ಜೇಸನ್’ ಎಂಬ ಇನ್ನೂ ಹಗುರವಾದ ಪದ್ಧತಿ ಬಂದು ಎಕ್ಸ್‌ಎಮ್‌ಎಲ್‌ನ ಬಹಳಷ್ಟು ಜಾಗವನ್ನು ಹಿಡಿಯಿತು. ಆದರೆ ಅದಕ್ಕೂ ದಾರಿ ಹೇಳುವ ಸೂತ್ರ ಬೇಕಾಯಿತು. 2007ರಲ್ಲಿ ಸ್ಟೆಫಾನ್ ಗೆಸ್ನರ್ ಎಕ್ಸ್‌ಪಾತ್‌ನ ಮಾದರಿಯಲ್ಲಿ ‘ಜೇಸನ್‌ಪಾತ್’ ಸೂಚಿಸಿದರು, 2024ರಲ್ಲಿ ಅದು ಮಾನಕವೂ ಆಯಿತು. ಇತ್ತ ನಾವು ಕಛೇರಿಯಲ್ಲಿ ಬರೆಯುವ ವರ್ಡ್ ಕಡತಗಳನ್ನು ಬಿಚ್ಚಿ ನೋಡಿದರೆ ಒಳಗಿರುವುದು ಇಂದಿಗೂ ಎಕ್ಸ್‌ಎಮ್‌ಎಲ್.

ವಕೀಲರ ಕಛೇರಿಯಿಂದ ಹೊರಟು ನಿಘಂಟು, ಸಾಹಿತ್ಯಗ್ರಂಥಗಳ ಮೂಲಕ ಬಂದ ಈ ಇತಿಹಾಸ ನಮಗೆ ಹೇಳುವುದು ಒಂದೇ ಮಾತು. ಯಾವುದನ್ನೇ ಆಗಲಿ ಅದು ಎಷ್ಟನೆಯದೆಂದು ಗುರುತಿಸಿದರೆ, ಮುಂದೆ ಒಂದು ಸಾಲು ತಪ್ಪಿದಾಗ ಎಲ್ಲವೂ ತಪ್ಪುತ್ತದೆ. ಅದು ಏನು, ಯಾರಿಗೆ ಸೇರಿದ್ದು ಎಂದು ಗುರುತಿಸಿದರೆ ಸಾಲು ಬದಲಾದರೂ ಸಿಗುತ್ತದೆ. ಹೊರನಾಡಿನ ನಮ್ಮ ಸಂಘಗಳ ಹಳೆಯ ದಾಖಲೆಗಳು ಇಂದು ಎಂಥ ಸ್ಥಿತಿಯಲ್ಲಿವೆ? ಕೆಲವು ಕಪಾಟಿನಲ್ಲಿ ಹುಳು ತಿನ್ನುತ್ತಿವೆ. ಕೆಲವು ಯಾವುದೋ ಹಳೆಯ ಅಕ್ಷರಮಾದರಿಯಲ್ಲಿ ಟೈಪಾಗಿ, ಆ ಮಾದರಿ ಇಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಅವುಗಳನ್ನು ಯುನಿಕೋಡ್ ಕನ್ನಡದಲ್ಲಿ, ಪ್ರತಿಯೊಂದಕ್ಕೂ ಸರಿಯಾದ ಗುರುತುಚೀಟಿ ಅಂಟಿಸಿ ಬರೆದಿಟ್ಟರೆ, ನಾಳೆ ಯಾವ ಯಂತ್ರ ಬಂದರೂ, ಯಾವ ಭಾಷೆ ಬಂದರೂ ನಮ್ಮ ಮೊಮ್ಮಕ್ಕಳು ಹುಡುಕಿಕೊಂಡಾರು. ಬಿಡುವಿನ ಭಾನುವಾರಗಳಲ್ಲಿ ಈ ಕೆಲಸಕ್ಕೆ ಕೈಜೋಡಿಸಲು ತರುಣ ತರುಣಿಯರು ಮುಂದೆ ಬರಬೇಕೆಂದು ನಮ್ಮ ಕೋರಿಕೆ. ಹೆಸರು, ಊರು, ನೆಂಟಸ್ತಿಕೆ ಹೇಳಲು ಹಿರಿಯರಿದ್ದೇವೆ.

ಸ್ಮರಣ ಸಂಚಿಕೆಗೆ ಬಿಟ್ಟುಹೋದ ಹೆಸರುಗಳ ಪುರವಣಿಯೊಂದನ್ನು ಅಚ್ಚು ಹಾಕಿಸಿ ಮನೆಮನೆಗೆ ಹೋಗಿ ಕೊಟ್ಟುಬಂದೆವು. ಅಂದು ಕೇಳಿದ ಆ ತಾಯಿ ಕನ್ನಡಕ ಹಾಕಿಕೊಂಡು ಹೆಸರನ್ನು ಬೆರಳಿಟ್ಟು ಓದಿದರು. ಆಮೇಲೆ, “ಊರಿನ ಹೆಸರೂ ಸರಿಯಾಗಿದೆ” ಎಂದು ಒಳಗೆ ಹೋಗಿ ಕಾಫಿ ತಂದರು.